ಅಪ್ಪನ ಪಿಎಫ್, ನನ್ನ ಫೀಸು

ಮಕ್ಕಳ ಫೀಸು ಕಟ್ಟಲು ಪಿಎಫ್ ಹಣ ತೆಗೆದರೆ ತೆರಿಗೆ ಬೀಳುತ್ತದೆಯೇ? ಬಿ.ಇ. ಓದುವ ನಮ್ಮಂಥ ಎಷ್ಟೋ ಜನರ ಮನೆಯಲ್ಲಿ ಈ ಪ್ರಶ್ನೆ ಇದೆ. ನಮ್ಮ ಮನೆಯಲ್ಲೂ ಬಂತು, ಹುಡುಕುವ ಕೆಲಸ ನನ್ನ ಪಾಲಿಗೆ ಬಿತ್ತು.

ಐದು ವರ್ಷ ಸತತ ಸೇವೆ ಆಗಿದ್ದರೆ ತೆರಿಗೆ ಇಲ್ಲ. ಕೆಲಸ ಬದಲಿಸಿದ್ದರೂ ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಿದ್ದರೆ ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಐದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು 50,000 ರೂಪಾಯಿ ಅಥವಾ ಹೆಚ್ಚು ತೆಗೆದರೆ, ಪ್ಯಾನ್ ಕೊಟ್ಟಿದ್ದರೂ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ ಹಿಡಿಯುತ್ತಾರೆ. ಅಪ್ಪನದು ಹದಿನೆಂಟು ವರ್ಷದ ಸೇವೆ. ತೆರಿಗೆ ಸೊನ್ನೆ.

ಆದರೆ ನಷ್ಟ ಸೊನ್ನೆಯಲ್ಲ. ತೆಗೆಯಬೇಕೆಂದಿರುವ ಎರಡು ಲಕ್ಷ ಅಲ್ಲೇ ಇದ್ದರೆ, ಶೇ 8.25ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸುಮಾರು 4.4 ಲಕ್ಷವಾಗುತ್ತದೆ. ಶಿಕ್ಷಣ ಸಾಲಕ್ಕೆ ಬಡ್ಡಿ ಕಟ್ಟಬೇಕು, ನಿಜ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ ಆ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ.

ಆದರೂ ನನ್ನ ಮತ ಸಾಲಕ್ಕೇ. ಓದಲು ಬ್ಯಾಂಕು ಸಾಲ ಕೊಡುತ್ತದೆ, ದುಡಿದು ತೀರಿಸಲು ನನಗೆ ವಯಸ್ಸಿದೆ. ನಿವೃತ್ತರಾದ ಮೇಲೆ ಮನೆ ನಡೆಸಲು ಅಪ್ಪನಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಗೆಳೆಯರೇ, ಫೀಸಿನ ಮಾತು ಬಂದಾಗ ತೆರಿಗೆಯ ಜೊತೆ ಈ ಲೆಕ್ಕವನ್ನೂ ಹಾಕಿ.