ಕೊಲೆಯೋ, ನರಹತ್ಯೆಯೋ?

ಒಬ್ಬನ ಪೆಟ್ಟಿನಿಂದ ಮತ್ತೊಬ್ಬನು ಸತ್ತನೆಂದರೆ ಊರೆಲ್ಲ ಅದನ್ನು ಕೊಲೆಯೆಂದೇ ಕರೆಯುವುದು. ಕಾನೂನು ಹಾಗೆ ಅವಸರಪಡುವುದಿಲ್ಲ. ಕೊಲೆಯೆಲ್ಲವೂ ದಂಡಾರ್ಹವಾದ ನರಹತ್ಯೆಯೇ ಸರಿ. ಆದರೆ ದಂಡಾರ್ಹ ನರಹತ್ಯೆಯೆಲ್ಲವೂ ಕೊಲೆಯಲ್ಲ.

೧೮೭೬ರಲ್ಲಿ ಮುಂಬಯಿ ಹೈಕೋರ್ಟು ತೀರ್ಮಾನಿಸಿದ ಗೋವಿಂದನ ಮೊಕದ್ದಮೆಯನ್ನು ವಾಚಕರು ಲಕ್ಷಿಸಬೇಕು. ೧೮ ವರ್ಷದ ಗಂಡನು ೧೫ ವರ್ಷದ ಹೆಂಡತಿಯನ್ನು ಒದ್ದು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಗುದ್ದಿದನು; ಮೆದುಳಿನಲ್ಲಿ ರಕ್ತವೊಸರಿ ಆ ಬಾಲೆಯು ಮೃತಳಾದಳು. ಇದು ಕೊಲೆಯಲ್ಲವೆಂದು ನ್ಯಾಯಮೂರ್ತಿ ಮೆಲ್ವಿಲ್ಲರು ನಿರ್ಣಯಿಸಿದರು. ಕೊಲ್ಲುವ ಉದ್ದೇಶವು ಅವನಿಗಿರಲಿಲ್ಲ. ಆ ಪೆಟ್ಟಿನಿಂದ ಮರಣವು ಸಂಭವಿಸಬಹುದಾಗಿದ್ದಿತೇ ಹೊರತು, ಪ್ರಕೃತಿಯ ಸಹಜಗತಿಯಲ್ಲಿ ಮರಣವನ್ನು ತರಲು ಸಾಕಾಗುವಂಥ ಪೆಟ್ಟು ಅದಾಗಿರಲಿಲ್ಲ. ಅವನಿಗೆ ಏಳು ವರ್ಷಗಳ ದ್ವೀಪಾಂತರವಾಸವು ವಿಧಿಸಲ್ಪಟ್ಟಿತು.

ಈ ಅಂತರವು ಕೂದಲೆಳೆಯಷ್ಟೆಂದು ತೋರಬಹುದು. ಆದರೆ ಅದರ ಒಂದು ಬದಿಯಲ್ಲಿ ನೇಣುಗಂಬವಿದೆ. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ತನ್ನ ೧೦೦, ೧೦೧ನೆಯ ಕಲಮುಗಳಲ್ಲಿ ಇದೇ ಭೇದವನ್ನು ಉಳಿಸಿಕೊಂಡಿದೆ. ಕೊಲೆಗೆ ಮರಣದಂಡನೆ ಇಲ್ಲವೆ ಆಜೀವ ಸೆರೆವಾಸ. ಕೊಲೆಯೆನಿಸದ ನರಹತ್ಯೆಗೆ ಸೆರೆವಾಸವುಂಟು, ನೇಣಿಲ್ಲ.

ಮಗಳನ್ನು ಕಳೆದುಕೊಂಡ ತಾಯಿಗೆ ಈ ಭೇದವು ಸಮಾಧಾನವನ್ನು ತಾರದೆಂಬುದನ್ನು ನಾವು ಬಲ್ಲೆವು. ಹೆಂಡತಿಯ ಮೇಲೆ ಕೈಮಾಡಿದವನ ಪಾಪವು ಇದರಿಂದ ಹಗುರಾಗುವುದೂ ಇಲ್ಲ. ಆದರೆ ಹೆಣವನ್ನು ಮಾತ್ರ ನೋಡಿ ಹಗ್ಗವನ್ನು ಬಿಗಿಯುವುದು ಸೇಡು. ಕೊಂದವನ ಮನಸ್ಸನ್ನೂ ಗಾಯದ ಬಲವನ್ನೂ ತೂಗಿ ನೋಡುವುದು ನ್ಯಾಯ. ಸೆರೆಸಿಕ್ಕವನನ್ನು ವಿಚಾರಣೆಗೆ ಮೊದಲೇ ಕೊಲೆಗಡುಕನೆಂದು ಸಾರುವವರೆಲ್ಲರೂ, ಪತ್ರಿಕೆಗಳವರಾದ ನಾವೂ ಸಹ, ಈ ತಕ್ಕಡಿಯನ್ನು ಮರೆಯತಕ್ಕದ್ದಲ್ಲ.