ಸೀಸದಿಂದ ಲಿಥಿಯಮ್ಮಿಗೆ: ಕಾಡಂಚಿನ ಊರುಗಳ ಬ್ಯಾಟರಿ ವಿಚಾರ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಮೊದಲುಗೊಂಡು ಹೆಗ್ಗಡದೇವನಕೋಟೆಯ ಅಂತರಸಂತೆ, ದಮ್ಮನಕಟ್ಟೆಗಳವರೆಗೆ ನಾಗರಹೊಳೆಯ ಅರಣ್ಯಕ್ಕೆ ತಾಗಿಕೊಂಡೇ ಹಬ್ಬಿರುವ ಹೊಲಗಳ ಬದುವಿನಲ್ಲಿ ನಡೆದವರಿಗೆ, ಕಂಬಗಳಿಗೆ ಬಿಗಿದ ನಾಲ್ಕೈದು ಎಳೆ ತಂತಿಯೂ, ಒಂದು ಮೂಲೆಯಲ್ಲಿ ದಕ್ಷಿಣಾಭಿಮುಖವಾಗಿ ಓರೆಯಾಗಿ ನಿಲ್ಲಿಸಿದ ಸೌರಫಲಕವೂ, ಅದರ ಕೆಳಗಣ ಪೆಟ್ಟಿಗೆಯೊಳಗಿಂದ ಸೆಕೆಂಡಿಗೊಮ್ಮೆ ಎಂಬಂತೆ ಹೊರಡುವ ‘ಟಿಕ್’ ಸದ್ದೂ ಚಿರಪರಿಚಿತವಾಗಿರುತ್ತವೆ. ಸೋಲಾರ್ ಬೇಲಿ ಎಂದೋ ಐಬೆಕ್ಸ್ ಬೇಲಿ ಎಂದೋ ಊರವರು ಕರೆಯುವ ಈ ಏರ್ಪಾಡಿನಲ್ಲಿ ತಂತಿಗೆ ಹರಿಯುವ ವಿದ್ಯುತ್ತು ಎಂಟು ಹತ್ತು ಸಾವಿರ ವೋಲ್ಟಿನಷ್ಟು ಪ್ರಬಲವಾಗಿದ್ದರೂ, ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಅಲ್ಪಕಾಲ ಮಾತ್ರ ಮಿಡಿದು ಮರೆಯಾಗುವುದರಿಂದ, ಮುಟ್ಟಿದ ಪ್ರಾಣಿಯನ್ನು ಬೆಚ್ಚಿಬೀಳಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡುವ ದುಷ್ಕೃತ್ಯಕ್ಕೂ ಇದಕ್ಕೂ ಇರುವ ಅಂತರವೇ ಇದು. ಅದು ಆನೆಯನ್ನೂ ಕೊಲ್ಲುತ್ತದೆ, ರಾತ್ರಿ ನೀರು ಕಟ್ಟಲು ಹೋದ ಮನುಷ್ಯನನ್ನೂ ಕೊಲ್ಲುತ್ತದೆ, ಮಾಡಿದವನನ್ನು ಸೆರೆಮನೆಗೂ ಕಳುಹಿಸುತ್ತದೆ.

ಸೌರಬೇಲಿಯ ಬಲವೆಲ್ಲ ಪೆಟ್ಟಿಗೆಯೊಳಗಿನ ಹನ್ನೆರಡು ವೋಲ್ಟಿನ ಒಂದು ಬ್ಯಾಟರಿಯಲ್ಲಿದೆ. ಅದು ಬಲಗುಂದಿತೆಂದರೆ ತಂತಿ ಬರಿಯ ತಂತಿಯಾಗುತ್ತದೆ. ದಂತಕ್ಕೆ ವಿದ್ಯುತ್ತು ಸುಲಭವಾಗಿ ತಗಲದೆಂಬುದನ್ನು ಕಂಡುಕೊಂಡು, ಜೀವಂತ ಬೇಲಿಯನ್ನೇ ದಂತದಿಂದ ಮುರಿಯಬಲ್ಲಷ್ಟು ಚತುರವಾದ ಆನೆಗೆ, ಸತ್ತ ಬೇಲಿಯನ್ನು ಗುರುತಿಸುವುದು ಕಷ್ಟವಲ್ಲ. “ಬೇಲಿ ಶಾಕೇ ಹೊಡೀತಿಲ್ಲ ಕಣಣ್ಣ” ಎಂದು ರೈತನು ಬ್ಯಾಟರಿ ಅಂಗಡಿಗೆ ಬಂದು ನಿಲ್ಲುವುದು ಬಹುಮಟ್ಟಿಗೆ ಮಳೆಗಾಲದ ನಡುವೆಯೋ ಅದರ ಕೊನೆಗೋ ಆಗಿರುತ್ತದೆ. ಇದಕ್ಕೆ ಕಾರಣವು ಆ ಬ್ಯಾಟರಿಯ ಪ್ರಕೃತಿಯಲ್ಲೇ ಅಡಗಿದೆ. ಅದನ್ನು ತಿಳಿದವನಿಗೆ ಸೀಸವನ್ನು ಬಿಟ್ಟು ಲಿಥಿಯಮ್ಮಿಗೆ ಎಲ್ಲಿ ಹೋಗಬೇಕು, ಎಲ್ಲಿ ಹೋಗಬೇಕಿಲ್ಲ ಎಂಬ ವಿವೇಚನೆಯೂ ತಾನಾಗಿ ಒದಗುತ್ತದೆ.

ಸೀಸದ ಬ್ಯಾಟರಿ ಹಳೆಯ ಸಾಧನ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಅದನ್ನು ರೂಪಿಸಿದ್ದು 1859ರಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ 1902ಕ್ಕಿಂತ ನಾಲ್ಕು ದಶಕಗಳಷ್ಟು ಹಿಂದೆ. ಅದರೊಳಗೆ ಕಂದುಬಣ್ಣದ ಸೀಸದ ಡೈಆಕ್ಸೈಡು ಧನಫಲಕವಾಗಿಯೂ, ಬೂದುಬಣ್ಣದ ಸ್ಪಂಜಿನಂಥ ಸೀಸವು ಋಣಫಲಕವಾಗಿಯೂ, ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಒಂದೊಂದು ಕೋಶಕ್ಕೆ ಎರಡು ವೋಲ್ಟಿನಂತೆ ಆರು ಕೋಶಗಳು ಸೇರಿ ಹನ್ನೆರಡಾಗುತ್ತದೆ. ವಿದ್ಯುತ್ತನ್ನು ಕೊಡುತ್ತ ಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕಟ್ಟುತ್ತ, ಆಮ್ಲವು ತೆಳ್ಳಗಾಗುತ್ತ ಬರುತ್ತದೆ. ಚಾರ್ಜು ಮಾಡಿದಾಗ ಈ ಕ್ರಿಯೆ ಹಿಮ್ಮುಖವಾಗುತ್ತದೆ. ಬ್ಯಾಟರಿಯ ಬಿರಡೆ ತೆಗೆದು ಹೈಡ್ರೋಮೀಟರಿನ ಗಾಜಿನ ಕೊಳವೆಗೆ ದ್ರವವನ್ನು ಎಳೆದು ನೋಡಿದರೆ, ತುಂಬಿದ ಬ್ಯಾಟರಿಯಲ್ಲಿ ತೇಲುಬುರುಡೆ 1.250ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಬರಿದಾದುದರಲ್ಲಿ 1.150ಕ್ಕೂ ಕೆಳಗಿನ ಅಂಕವನ್ನು ತೋರಿಸುತ್ತದೆ.

ಹೊಸದಾಗಿ ಕಟ್ಟಿದ ಸಲ್ಫೇಟು ಮೃದು. ಒಡನೆ ಚಾರ್ಜು ದೊರೆತರೆ ಅದು ಕರಗಿ ಸೀಸವೂ ಆಮ್ಲವೂ ಪುನಃ ಬೇರೆಯಾಗುತ್ತವೆ. ಆದರೆ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿಯೇ ದಿನಗಟ್ಟಲೆ, ವಾರಗಟ್ಟಲೆ ಇಟ್ಟರೆ ಆ ಸಲ್ಫೇಟು ಗಡುಸಾದ ಹರಳಾಗಿ, ಯಾವ ಚಾರ್ಜಿಗೂ ಜಗ್ಗದೆ, ಫಲಕದ ಅಷ್ಟು ಭಾಗವನ್ನು ನಿಷ್ಪ್ರಯೋಜಕವನ್ನಾಗಿ ಮಾಡುತ್ತದೆ. ಜೂನ್ ತಿಂಗಳಿಂದ ಆಗಸ್ಟಿನವರೆಗೆ ಹೆಗ್ಗಡದೇವನಕೋಟೆಯ ಪಶ್ಚಿಮದಂಚಿನಲ್ಲಿ ಮೋಡ ಮುಸುಕಿದ ಆಕಾಶವನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಸೌರಫಲಕಕ್ಕೆ ಬಿಸಿಲಿಲ್ಲ; ಒದ್ದೆ ಹುಲ್ಲೂ ಬಳ್ಳಿಯೂ ತಂತಿಗೆ ತಗುಲಿ ವಿದ್ಯುತ್ತು ನೆಲಕ್ಕೆ ಸೋರುತ್ತದೆ; ಬ್ಯಾಟರಿ ಒಂದು ದಿನವೂ ಪೂರ್ತಿಯಾಗಿ ತುಂಬುವುದಿಲ್ಲ. ರಾಗಿ ಹಾಲುತುಂಬಿ ತೆನೆ ಬಾಗುವ ಹೊತ್ತಿಗೆ, ಎಂದರೆ ಬೇಲಿ ನಿಜವಾಗಿ ಬೇಕಾಗುವ ಕಾಲಕ್ಕೆ, ಅದು ಮಳೆಗಾಲದಲ್ಲಿ ತಗುಲಿದ ರೋಗದಿಂದ ನಿಶ್ಶಕ್ತವಾಗಿರುತ್ತದೆ. ಇದರ ಮೇಲೆ ಡಿಸ್ಟಿಲ್ಡ್ ವಾಟರಿನ ಬದಲು ಬೋರ್‌ವೆಲ್ಲಿನ ಗಡಸುನೀರನ್ನು ಸುರಿಯುವ ಉದಾಸೀನವೂ ಸೇರಿದರೆ ಅದರ ಅಂತ್ಯ ಇನ್ನೂ ಶೀಘ್ರ.

ಲಿಥಿಯಂ ಬ್ಯಾಟರಿಯ ಸ್ವಭಾವ ಇದಕ್ಕೆ ವಿಪರೀತವಾದದ್ದು. ಲಿಥಿಯಂ ಎಂದೊಡನೆ ಮೊಬೈಲು ಫೋನಿನ ಬ್ಯಾಟರಿಯನ್ನೂ, ಹೊತ್ತಿ ಉರಿದ ಸ್ಕೂಟರುಗಳ ವಾರ್ತೆಯನ್ನೂ ಸ್ಮರಿಸಿಕೊಂಡು ಅಂಜುವವರುಂಟು. ಆ ಅಂಜಿಕೆ ಅಕಾರಣವೇನೂ ಅಲ್ಲ. ಆದರೆ ಮನೆ, ಬೇಲಿ, ವಾಹನಗಳಿಗೆ ಯೋಗ್ಯವಾದದ್ದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆ. ಅದರಲ್ಲಿ ಆಮ್ಲಜನಕವು ರಂಜಕದೊಡನೆ ದೃಢವಾಗಿ ಬೆಸೆದುಕೊಂಡಿರುವ ಕಾರಣ, ಕಾಯ್ದರೂ ಬೇಗ ಬಿಡುಗಡೆಯಾಗಿ ಬೆಂಕಿಗೆ ಇಂಬುಗೊಡುವುದಿಲ್ಲ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಈ ದ್ರವ್ಯದ ಗುಣವನ್ನು ಕಂಡು 1997ರಲ್ಲಿ ಪ್ರಬಂಧವನ್ನು ಪ್ರಕಟಿಸಿದವರು ಅಕ್ಷಯ ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್ ಎಂಬ ಮೂವರು. ನಂಜನಗೂಡಿನ ಸಮೀಪದಲ್ಲಿ ವಾಸಿಸುವ ನಮಗೆ ನಡುವಣ ಹೆಸರು ಕಿವಿಗೆ ಹಿತವಾಗಿ ಕೇಳಿಸಿದರೆ ಅದರಲ್ಲಿ ತಪ್ಪಿಲ್ಲ. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಗಳ ಕುರಿತ ಒಟ್ಟು ಸಾಧನೆಗಾಗಿ 2019ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ನೆರೆಯ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದ ಬಂಡೆಗಳಲ್ಲಿ ಲಿಥಿಯಂ ಇದೆಯೆಂದು ಪತ್ರಿಕೆಗಳಲ್ಲಿ ಸಂಭ್ರಮದ ಸುದ್ದಿ ಬಂದಿತ್ತಾದರೂ, ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿದ ಪ್ರಾಥಮಿಕ ಅಂದಾಜು 1,600 ಟನ್ನು ಮಾತ್ರ. ಅಂಗಡಿಯ ಬೆಲೆ ಅದರಿಂದ ಇಳಿದೀತೆಂದು ಕಾಯುತ್ತ ಕೂಡುವುದು ವ್ಯರ್ಥ.

ಈ ಬ್ಯಾಟರಿಯಲ್ಲಿ ಸಲ್ಫೇಟು ಇಲ್ಲವಾದ್ದರಿಂದ ಅರೆತುಂಬಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದರೂ ಅದಕ್ಕೆ ಬಾಧೆಯಿಲ್ಲ; ಬಾಧೆಯಾಗುವುದು ಸದಾಕಾಲ ಕಂಠಮಟ್ಟ ತುಂಬಿಕೊಂಡು ಕಾವಿನಲ್ಲಿ ಕುಳಿತಾಗ. ಒಂದು ಹಸಿವಿನಿಂದ ಸಾಯುವ ಜಾತಿ, ಇನ್ನೊಂದು ಅತಿತೃಪ್ತಿಯಿಂದ ಸೊರಗುವ ಜಾತಿ ಎಂದರೆ ಎರಡರ ವ್ಯತ್ಯಾಸವನ್ನೂ ಹೇಳಿದಂತಾಯಿತು.

ಮನೆಯ ಯುಪಿಎಸ್ಸಿನ ಲೆಕ್ಕವನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ನೋಡಬಹುದು. ಪಿರಿಯಾಪಟ್ಟಣದ ಕಂಪಲಾಪುರದ ಕಡೆಯ ಒಂದು ಹೊಗೆಸೊಪ್ಪಿನ ಬೆಳೆಗಾರರ ಮನೆಯಲ್ಲಿ, ಬ್ಯಾರನ್ನಿಗೆ ಸೌದೆ ಒಟ್ಟಿ ಸೊಪ್ಪು ಹದಮಾಡುವ ದಿನಗಳಲ್ಲಿ ರಾತ್ರಿಯಿಡೀ ಎಚ್ಚರವಿರಬೇಕಾಗಿ, ಒಂಬತ್ತು ವಾಟಿನ ನಾಲ್ಕು ದೀಪಗಳೂ ಅರುವತ್ತು ವಾಟಿನ ಎರಡು ಫ್ಯಾನುಗಳೂ ಕರೆಂಟಿಲ್ಲದ ಆರು ಗಂಟೆ ಕಾಲ ನಡೆಯಬೇಕೆನ್ನೋಣ. ಒಟ್ಟು 156 ವಾಟು. ಆರು ಗಂಟೆಗೆ 936 ವಾಟ್-ಗಂಟೆ. ಇನ್ವರ್ಟರು ತಾನೇ ನುಂಗುವುದನ್ನೂ ಸೇರಿಸಿದರೆ 1,100ರ ಸಮೀಪ. 150 ಎ.ಎಚ್. (ಆಂಪಿಯರ್-ಗಂಟೆ) ಎಂದು ಬರೆದಿರುವ ಸೀಸದ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಗಂಟೆ ಇದ್ದರೂ, ಆಯುಸ್ಸಿನ ದೃಷ್ಟಿಯಿಂದ ಅರ್ಧದಷ್ಟನ್ನು, ಎಂದರೆ 900ನ್ನು, ಮಾತ್ರ ಉಪಯೋಗಿಸುವುದು ವಿಹಿತ. ಅದೇ 100 ಎ.ಎಚ್. ಲಿಥಿಯಮ್ಮಿನಲ್ಲಿ 12.8 ವೋಲ್ಟಿನ ಲೆಕ್ಕಕ್ಕೆ 1,280 ವಾಟ್-ಗಂಟೆಯಿದ್ದು, ಅದರಲ್ಲಿ ಶೇಕಡಾ 90ನ್ನು, ಎಂದರೆ 1,150ರಷ್ಟನ್ನು, ನಿಶ್ಚಿಂತೆಯಿಂದ ತೆಗೆಯಬಹುದು. ಆದುದರಿಂದ ಚೀಟಿಯ ಮೇಲಿನ ಸಂಖ್ಯೆಗಳನ್ನೇ ತೂಗಿ “ನೂರಕ್ಕಿಂತ ನೂರೈವತ್ತು ದೊಡ್ಡದಲ್ಲವೆ?” ಎಂದು ಕೇಳುವ ಗಿರಾಕಿ ಮೋಸಹೋಗುತ್ತಾನೆ. ತೂಕದಲ್ಲಿಯೂ ಮೊದಲನೆಯದು ಐವತ್ತು ಕಿಲೋ ಮೀರಿದರೆ ಎರಡನೆಯದು ಹನ್ನೆರಡು ಕಿಲೋದ ಸುಮಾರು. ರಸ್ತೆ ಮುಗಿದ ಮೇಲೆ ಹೆಗಲ ಮೇಲೆ ಹೊತ್ತೊಯ್ಯಬೇಕಾದ ಜೇನುಕುರುಬರ ಹಾಡಿಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಬದಲಾವಣೆಯೆಂದರೆ ಹಳೆಯ ಪೆಟ್ಟಿಗೆಯನ್ನು ಕಳಚಿ ಹೊಸ ಪೆಟ್ಟಿಗೆಗೆ ಅದೇ ಎರಡು ವೈರುಗಳನ್ನು ಸಿಕ್ಕಿಸುವುದಷ್ಟೆ ಎಂದು ಭಾವಿಸಿದವರು ಕೆಡುತ್ತಾರೆ. ಲಿಥಿಯಮ್ಮಿನ ನಾಲ್ಕು ಕೋಶಗಳು ಸರಣಿಯಲ್ಲಿರುತ್ತವೆ; ಒಂದೊಂದನ್ನೂ 3.65 ವೋಲ್ಟಿನಾಚೆಗೆ ಏರಿಸಕೂಡದಾದ್ದರಿಂದ ಒಟ್ಟು 14.6ಕ್ಕೆ ಮಿತಿ. ಸೀಸದ ಟ್ಯೂಬುಲರಿಗೆ ಹೊಂದಿಸಿದ ಹಳೆಯ ಚಾರ್ಜರು, ಕೋಶಗಳನ್ನು ಸಮಗೊಳಿಸುವ ನೆಪದಲ್ಲಿ, ಆಗಾಗ್ಗೆ ಹದಿನೈದನ್ನೂ ದಾಟಿಸುತ್ತದೆ. ಹಾಗೆ ದಾಟಿಸಿದಾಗ ಪೆಟ್ಟಿಗೆಯೊಳಗಿನ ರಕ್ಷಣಾ ಮಂಡಲ, ಎಂದರೆ ಬಿಎಂಎಸ್, ಸಂಬಂಧವನ್ನು ತಟಕ್ಕನೆ ಕತ್ತರಿಸುತ್ತದೆ. ಅತಿಯಾಗಿ ಬರಿದಾದಾಗಲೂ ಅದು ಹಾಗೆಯೇ ಮಾಡುತ್ತದೆ. ಆಗ ಮೀಟರು ಹಿಡಿದರೆ ಸೊನ್ನೆ ವೋಲ್ಟು. ಎದುರಿಗೆ ಬ್ಯಾಟರಿಯಿದೆಯೆಂಬುದೇ ತಿಳಿಯದೆ ಹಳೆಯ ಸೌರ ಕಂಟ್ರೋಲರು ಚಾರ್ಜನ್ನು ಆರಂಭಿಸುವುದೂ ಇಲ್ಲ. ನಿದ್ರಿಸುತ್ತಿರುವ ಬ್ಯಾಟರಿಯನ್ನು ಸತ್ತುಹೋಯಿತೆಂದು ಅಂಗಡಿಗೆ ಹಿಂದಿರುಗಿಸುವ ಪ್ರಸಂಗಗಳು ಈ ಕಾರಣದಿಂದ ಹುಟ್ಟುತ್ತವೆ. ಆದಕಾರಣ ಕಂಟ್ರೋಲರಿನಲ್ಲಿಯೂ ಯುಪಿಎಸ್ಸಿನಲ್ಲಿಯೂ ಲಿಥಿಯಂ ಎಂಬ ಆಯ್ಕೆಯುಂಟೇ ಎಂದು ಮೊದಲೇ ವಿಚಾರಿಸಬೇಕು. ಇಲ್ಲದಿದ್ದರೆ ಅವನ್ನೂ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ತೊಡಕೆಂದರೆ ವೋಲ್ಟನ್ನು ನೋಡಿ ಎಷ್ಟು ಉಳಿದಿದೆಯೆಂದು ಹೇಳುವ ಹಳೆಯ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಸೀಸದಲ್ಲಿ 12.7 ಎಂದರೆ ತುಂಬು, 12.2 ಎಂದರೆ ಅರ್ಧ ಎಂದು ಮೇಸ್ತ್ರಿಯು ಕಣ್ಣಂದಾಜಿನಲ್ಲೇ ಹೇಳಬಲ್ಲ. ಲಿಥಿಯಮ್ಮಿನ ವೋಲ್ಟು ಬಹುಪಾಲು ದಾರಿಯುದ್ದಕ್ಕೂ 13ರ ಆಚೀಚೆ ನಿಶ್ಚಲವಾಗಿದ್ದು, ಕೊನೆಯಲ್ಲಿ ಒಮ್ಮೆಗೇ ಕುಸಿಯುತ್ತದೆ. ಒಳಹೋದ, ಹೊರಬಂದ ಆಂಪಿಯರುಗಳನ್ನು ಎಣಿಸುವ ಮೀಟರೇ ಇದಕ್ಕೆ ತಕ್ಕ ಸಾಧನ. ಫ್ಯೂಜನ್ನಂತೂ ಮರೆಯಲೇಕೂಡದು: ಲಿಥಿಯಮ್ಮಿನ ಆಂತರಿಕ ರೋಧ ಅತ್ಯಲ್ಪವಾದ್ದರಿಂದ, ತಂತಿಗಳು ತಾಗಿದರೆ ನುಗ್ಗುವ ಪ್ರವಾಹ ಭಯಂಕರವಾದುದು. ಹಳೆಯ ಸೀಸವನ್ನೂ ಹೊಸ ಲಿಥಿಯಮ್ಮನ್ನೂ ಒಂದಕ್ಕೊಂದು ಜೋಡಿಸಿ ‘ಇದ್ದದ್ದೂ ಇರಲಿ’ ಎನ್ನುವ ಮಿತವ್ಯಯವನ್ನು ನಾನು ಯಾರಿಗೂ ಸೂಚಿಸಲಾರೆ.

ಪರದೇಶಗಳಲ್ಲಿ ಈ ಪರಿವರ್ತನೆ ಹೆಚ್ಚು ಬಳಕೆಗೆ ಬಂದದ್ದು ಮನೆಯನ್ನೇ ಹೊತ್ತು ತಿರುಗುವ ಪ್ರವಾಸಿ ವಾಹನಗಳಲ್ಲಿ. ಬೈಲುಕುಪ್ಪೆಗೂ ಕಬಿನಿಗೂ ಬರುವ ಟೆಂಪೋ ಟ್ರಾವೆಲರುಗಳಲ್ಲಿ ದೀಪ, ಫ್ಯಾನು, ಫ್ರಿಜ್ಜುಗಳಿಗೆಂದು ಎರಡನೆಯ ಬ್ಯಾಟರಿಯನ್ನು ಇಡುವವರು ಒಂದನ್ನು ಗಮನಿಸಬೇಕು. ಲಿಥಿಯಂ ಬ್ಯಾಟರಿಯು ಎಂಜಿನ್ನಿನ ಆಲ್ಟರ್ನೇಟರಿನಿಂದ ಸಿಕ್ಕಷ್ಟನ್ನೂ ಒಮ್ಮೆಗೇ ಸೆಳೆಯುತ್ತದೆ. ಸೀಸದಂತೆ ತುಂಬುತ್ತ ಬಂದಂತೆ ತಾನಾಗಿ ಮಂದವಾಗುವುದಿಲ್ಲ. ಗಾಡಿಯನ್ನು ನಿಲ್ಲಿಸಿ ಎಂಜಿನ್ನನ್ನು ಮಾತ್ರ ಓಡಿಸುತ್ತಿರುವಾಗ, ತಂಪುಮಾಡುವ ಗಾಳಿಯೂ ಕಡಿಮೆಯಾಗಿ, ಆಲ್ಟರ್ನೇಟರು ಸುಟ್ಟುಹೋಗುವುದುಂಟು. ಎರಡರ ನಡುವೆ ಪ್ರವಾಹವನ್ನು ಮಿತಗೊಳಿಸುವ ಡಿಸಿ-ಡಿಸಿ ಚಾರ್ಜರನ್ನು ಇಟ್ಟರೆ ಈ ಅಪಾಯ ತಪ್ಪುತ್ತದೆ.

ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಬೇಡಿ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಹುಣಸೂರಿನವರು ಅದನ್ನು ಓದಿ ನಗಬಹುದು. ನಮಗೆ ಶತ್ರು ತಾಪ. ಬ್ಯಾರನ್ನಿನ ಗೋಡೆಗೆ ಒತ್ತಿಸಿಯೋ ಏಪ್ರಿಲ್ ಬಿಸಿಲಿನ ಶೀಟು ಮಾಡಿನ ಅಡಿಯಲ್ಲಿಯೋ ಇಟ್ಟರೆ ಹತ್ತು ವರ್ಷ ಬರಬೇಕಾದದ್ದು ಅರ್ಧಕ್ಕೆ ಮುಗಿದೀತು. ಬೇಲಿಯ ಪೆಟ್ಟಿಗೆಗೆ ನೆರಳೂ ಗಾಳಿಯಾಡುವ ಕಿಂಡಿಗಳೂ ಬೇಕು.

ಹೀಗಿರಲು ನನ್ನ ಅಭಿಪ್ರಾಯ ಇಷ್ಟು. ಕಾಡಂಚಿನ ಬೇಲಿಗೆ, ಹಾಡಿಯ ಸೌರದೀಪಕ್ಕೆ, ನಿತ್ಯವೂ ಗಂಟೆಗಟ್ಟಲೆ ಕರೆಂಟು ಹೋಗುವ ತೋಟದ ಮನೆಗೆ, ಎಂದರೆ ಬ್ಯಾಟರಿ ಪೂರ್ತಿ ತುಂಬುವ ಭರವಸೆಯಿಲ್ಲದ ಎಡೆಗಳಿಗೆ, ಲಿಥಿಯಂ ತಕ್ಕದ್ದು. ಮೊದಲ ಬೆಲೆ ಹೆಚ್ಚಾದರೂ ಅದು ಸಾವಿರಾರು ಸಲ ತುಂಬಿ ಬರಿದಾಗಬಲ್ಲುದು. ಕೃಷ್ಣರಾಜನಗರದ ಪೇಟೆಬೀದಿಯಲ್ಲಿ, ಕರೆಂಟು ಅಪರೂಪವಾಗಿ ಹೋಗಿ, ಬ್ಯಾಟರಿಯು ವರ್ಷವಿಡೀ ತುಂಬಿಕೊಂಡೇ ಇರುವ ಅಂಗಡಿಗೆ ಮಾತ್ರ ಹಳೆಯ ಟ್ಯೂಬುಲರೇ ಸಾಕು, ಅಗ್ಗವೂ ಹೌದು. ಬಿಲ್ಲಿಲ್ಲದೆ ಅರ್ಧಬೆಲೆಗೆ ಮಾರುವ ಲಿಥಿಯಂ ಪೆಟ್ಟಿಗೆಗಳಲ್ಲಿ ವಾಹನಗಳಿಂದ ಕಳಚಿದ ಹಳೆಯ ಕೋಶಗಳಿರುವ ಸಂಭವವುಂಟಾದ್ದರಿಂದ, ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಬೀಳದೆ ಹಣ ಕೊಡಬೇಡಿ. ಕಳಚಿಟ್ಟ ಸೀಸದ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲುವುದೂ ಸೀಸವನ್ನು ಕರಗಿಸುವುದೂ ಮಕ್ಕಳ ಮಿದುಳಿಗೆ ವಿಷವಿಟ್ಟಂತೆ; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಹೊಸದನ್ನು ಕೊಳ್ಳುವ ದಿನವೇ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಕಿಲೋ ಲೆಕ್ಕದಲ್ಲಿ ಅದಕ್ಕೆ ಬೆಲೆಯೂ ಸಿಗುತ್ತದೆ.