ರೋಗಲಕ್ಷಣಗಳಿಲ್ಲದ ಡಬ್ಲ್ಯು.ಪಿ.ಡಬ್ಲ್ಯು. ದೋಷ: ಕ್ಯಾಥೆಟರ್ ಅಬ್ಲೇಷನ್ ಕುರಿತು ತಜ್ಞರು ನಿರ್ಧಾರ ಕೈಗೊಳ್ಳುವ ಬಗೆ

ಉದ್ಯೋಗಕ್ಕೆ ಸೇರುವ ಮುನ್ನ ನಡೆಸುವ ವೈದ್ಯಕೀಯ ತಪಾಸಣೆ, ಕ್ರೀಡಾಪಟುಗಳ ಆರೋಗ್ಯ ಪರೀಕ್ಷೆ ಅಥವಾ ಬೇರೆ ಯಾವುದೋ ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆಯುವ ಇ.ಸಿ.ಜಿ.ಯಲ್ಲಿ ಕೆಲವೊಮ್ಮೆ ಅನಿರೀಕ್ಷಿತವಾಗಿ ಡಬ್ಲ್ಯು.ಪಿ.ಡಬ್ಲ್ಯು. ಎಂಬ ದೋಷವು ಪತ್ತೆಯಾಗುತ್ತದೆ. ಅಂತಹ ವ್ಯಕ್ತಿಗೆ ಎದೆ ಹೊಡೆದುಕೊಳ್ಳುವುದು, ತಲೆಸುತ್ತು, ಪ್ರಜ್ಞೆ ತಪ್ಪುವುದು ಮುಂತಾದ ಯಾವುದೇ ತೊಂದರೆ ಇರುವುದಿಲ್ಲ. ಆದರೂ ವಿರಳವಾಗಿ ಈ ದೋಷವು ಹಠಾತ್ ಮರಣಕ್ಕೆ ಕಾರಣವಾಗಬಲ್ಲದು. ಆರೋಗ್ಯವಾಗಿರುವ ವ್ಯಕ್ತಿಯ ಹೃದಯದೊಳಗೆ ಚಿಕಿತ್ಸೆ ನಡೆಸಬೇಕೇ, ಬೇಡವೇ ಎಂಬ ಪ್ರಶ್ನೆಗೆ ಸಂಶೋಧನೆಗಳಿಂದ ದೊರೆತಿರುವ ಆಧಾರಗಳು ಸೀಮಿತವಾಗಿವೆ. ಇಂತಹ ಸಂದರ್ಭದಲ್ಲಿ ಹೃದಯ ಲಯ ತಜ್ಞರು ಯಾವ ಅಂಶಗಳನ್ನು ಪರಿಗಣಿಸುತ್ತಾರೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಡಬ್ಲ್ಯು.ಪಿ.ಡಬ್ಲ್ಯು. ಎಂದರೇನು?

ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಿಂದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ವಿದ್ಯುತ್ ಸಂಕೇತವು ಎ.ವಿ. ನೋಡ್ ಎಂಬ ಒಂದೇ ಮಾರ್ಗದ ಮೂಲಕ ಹರಿಯುತ್ತದೆ. ಈ ನೋಡ್ ಸಂಕೇತವನ್ನು ಕ್ಷಣಕಾಲ ತಡೆದು ಮುಂದಕ್ಕೆ ಕಳುಹಿಸುತ್ತದೆ. ಮೇಲಿನ ಕೋಣೆಗಳು ಎಷ್ಟೇ ವೇಗವಾಗಿ ಮಿಡಿದರೂ ಆ ವೇಗವು ಪೂರ್ಣವಾಗಿ ಕೆಳಗಿಳಿಯದಂತೆ ಅದು ಕಾವಲುಗಾರನಂತೆ ಕಾರ್ಯ ನಿರ್ವಹಿಸುತ್ತದೆ.

ಸುಮಾರು 1,000 ಜನರಲ್ಲಿ 1ರಿಂದ 3 ಮಂದಿಗೆ ಹುಟ್ಟಿನಿಂದಲೇ ಇದರ ಜೊತೆಗೆ ಇನ್ನೊಂದು ಹೆಚ್ಚುವರಿ ವಿದ್ಯುತ್ ಮಾರ್ಗವಿರುತ್ತದೆ. ಇದು ಸೂಕ್ಷ್ಮವಾದ ಸ್ನಾಯುವಿನ ಎಳೆ. 1930ರಲ್ಲಿ ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಎಂಬ ಮೂವರು ವೈದ್ಯರು 11 ರೋಗಿಗಳ ಇ.ಸಿ.ಜಿ.ಯಲ್ಲಿ ಕಂಡ ಬದಲಾವಣೆಯನ್ನು ವಿವರಿಸಿದ್ದರಿಂದ ಈ ದೋಷಕ್ಕೆ ಅವರ ಹೆಸರುಗಳ ಮೊದಲಕ್ಷರಗಳೇ ಬಂದಿವೆ.

ಅಪಾಯವು ಹೇಗೆ ಉಂಟಾಗುತ್ತದೆ?

ಸಂಕೇತವು ಎರಡು ಮಾರ್ಗಗಳ ನಡುವೆ ಸುತ್ತತೊಡಗಿದರೆ ಹೃದಯ ಬಡಿತವು ಇದ್ದಕ್ಕಿದ್ದಂತೆ ಏರುತ್ತದೆ. ಇದು ತೊಂದರೆದಾಯಕವಾದರೂ ಸಾಮಾನ್ಯವಾಗಿ ಪ್ರಾಣಾಪಾಯಕಾರಿಯಲ್ಲ. ನಿಜವಾದ ಭೀತಿ ಇರುವುದು ಹೃತ್ಕರ್ಣಗಳು ಅನಿಯಮಿತವಾಗಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್ ಸ್ಥಿತಿಯಲ್ಲಿ. ಆಗ ಹೆಚ್ಚುವರಿ ಮಾರ್ಗವು ಆ ಅತಿವೇಗವನ್ನು ತಡೆಯದೆ ಹೃತ್ಕುಕ್ಷಿಗಳಿಗೆ ತಲುಪಿಸಿದರೆ ಅವೂ ಕಂಪಿಸತೊಡಗಿ ರಕ್ತ ಸಂಚಾರವೇ ನಿಲ್ಲಬಹುದು. ರೋಗಲಕ್ಷಣಗಳಿಲ್ಲದ ವಯಸ್ಕರಲ್ಲಿ ಹಠಾತ್ ಮರಣದ ಸಂಭವವು ವರ್ಷವೊಂದಕ್ಕೆ ಸುಮಾರು 1,000 ಮಂದಿಯಲ್ಲಿ ಒಬ್ಬರಿಗೆ ಎಂದು ಅಂದಾಜಿಸಲಾಗಿದೆ. ಸಂಭವವು ಕಡಿಮೆ, ಆದರೆ ಸಂಭವಿಸಿದರೆ ಆಗುವ ನಷ್ಟವು ಸರಿಪಡಿಸಲಾಗದಂಥದು.

ಕ್ಯಾಥೆಟರ್ ಅಬ್ಲೇಷನ್ ಚಿಕಿತ್ಸೆ

ತೊಡೆಸಂದಿಯ ರಕ್ತನಾಳದ ಮೂಲಕ ತೆಳುವಾದ ಕೊಳವೆಗಳನ್ನು ಹೃದಯದೊಳಗೆ ಸೇರಿಸಿ, ಹೆಚ್ಚುವರಿ ಮಾರ್ಗವಿರುವ ಸ್ಥಳವನ್ನು ಗುರುತಿಸಿ, ರೇಡಿಯೋ ತರಂಗಗಳ ಶಾಖದಿಂದ ಅಥವಾ ಅತಿಶೀತದಿಂದ ಆ ಎಳೆಯನ್ನು ನಿಷ್ಕ್ರಿಯಗೊಳಿಸಲಾಗುತ್ತದೆ. 1991ರಲ್ಲಿ ಪ್ರಕಟವಾದ ಅಮೆರಿಕದ ವರದಿಯೊಂದರಲ್ಲಿ ಚಿಕಿತ್ಸೆ ಪಡೆದ 166 ಮಂದಿಯಲ್ಲಿ 164 ಮಂದಿಗೆ ಇದು ಯಶಸ್ವಿಯಾಗಿತ್ತು. ರೋಗಲಕ್ಷಣಗಳಿರುವವರಿಗೆ ಈ ಚಿಕಿತ್ಸೆಯ ಉಪಯುಕ್ತತೆಯ ಬಗ್ಗೆ ಇಂದು ವಿವಾದವಿಲ್ಲ. ಲಕ್ಷಣಗಳೇ ಇಲ್ಲದವರ ವಿಷಯದಲ್ಲಿ ಮಾತ್ರ ಪ್ರಶ್ನೆ ಉಳಿದಿದೆ.

ಆಧಾರಗಳು ಸೀಮಿತವಾಗಿರಲು ಕಾರಣಗಳು

ಘಟನೆಯು ವಿರಳವಾಗಿರುವುದೇ ಮುಖ್ಯ ಕಾರಣ. ಮೇಲಿನ ಅಂದಾಜಿನಂತೆ, ಚಿಕಿತ್ಸೆ ಪಡೆಯದ 1,000 ಮಂದಿಯನ್ನು 10 ವರ್ಷಗಳ ಕಾಲ ಗಮನಿಸಿದರೂ ಸುಮಾರು 10 ಮರಣಗಳು ಮಾತ್ರ ದಾಖಲಾಗಬಹುದು. ಚಿಕಿತ್ಸೆಯು ಪ್ರಾಣ ಉಳಿಸುತ್ತದೆ ಎಂಬುದನ್ನು ನೇರವಾಗಿ ಸಿದ್ಧಪಡಿಸಲು ಸಹಸ್ರಾರು ಜನರ ದೀರ್ಘಕಾಲದ ಅಧ್ಯಯನ ಬೇಕಾಗುತ್ತದೆ.

2003ರಲ್ಲಿ ಇಟಲಿಯ ತಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಅಪಾಯವಿರುವ, ಆದರೆ ಲಕ್ಷಣಗಳಿಲ್ಲದ 72 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಅಬ್ಲೇಷನ್ ಪಡೆದ 37 ಮಂದಿಯಲ್ಲಿ ಇಬ್ಬರಿಗೆ ಹಾಗೂ ಪಡೆಯದ 35 ಮಂದಿಯಲ್ಲಿ 21 ಮಂದಿಗೆ ಲಯದ ತೊಂದರೆ ಕಾಣಿಸಿಕೊಂಡಿತು. ವ್ಯತ್ಯಾಸವು ಸ್ಪಷ್ಟವಾಗಿದ್ದರೂ ಅಧ್ಯಯನವು ಚಿಕ್ಕದು. ಕಂಡುಬಂದ ತೊಂದರೆಗಳಲ್ಲಿ ಹೆಚ್ಚಿನವು ಪ್ರಾಣಾಪಾಯಕಾರಿಯಾಗಿರಲಿಲ್ಲ. 2014ರ ದಾಖಲಾತಿ ಅಧ್ಯಯನದಲ್ಲಿ ಅಬ್ಲೇಷನ್ ಪಡೆಯದ 1,001 ಮಂದಿಯಲ್ಲಿ 15 ಮಂದಿಗೆ ಹೃತ್ಕುಕ್ಷಿ ಕಂಪನ ಉಂಟಾಗಿತ್ತು. ಇವರಲ್ಲಿ ಬಹುತೇಕರು ಮಕ್ಕಳು. ಆದರೆ ಇಲ್ಲಿ ಗುಂಪುಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲವಾದ್ದರಿಂದ ಚಿಕಿತ್ಸೆ ಪಡೆದವರೂ ಪಡೆಯದವರೂ ಎಲ್ಲ ರೀತಿಯಲ್ಲಿ ಸಮಾನರಾಗಿದ್ದರು ಎನ್ನಲಾಗದು.

ತಜ್ಞರು ಪರಿಶೀಲಿಸುವ ಅಂಶಗಳು

ಸರಾಸರಿ ಅಂಕಿಅಂಶಗಳಿಂದ ಉತ್ತರ ದೊರೆಯದಿರುವಾಗ ಎದುರಿಗಿರುವ ವ್ಯಕ್ತಿಯ ಅಪಾಯವನ್ನೇ ಅಳೆಯಲು ತಜ್ಞರು ಪ್ರಯತ್ನಿಸುತ್ತಾರೆ. ಸಾಮಾನ್ಯವಾಗಿ ಈ ಕೆಳಕಂಡ ಕ್ರಮವನ್ನು ಅನುಸರಿಸಲಾಗುತ್ತದೆ.

1. ವಿಚಾರಣೆ: ಲಕ್ಷಣಗಳು ನಿಜವಾಗಿಯೂ ಇಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಆಟವಾಡುವಾಗ ಒಮ್ಮೆ ಕಣ್ಣು ಕತ್ತಲೆ ಬಂದದ್ದನ್ನು ಮನೆಯವರು ನಿಶ್ಶಕ್ತಿಯೆಂದು ತಿಳಿದು ಮರೆತಿರಬಹುದು.

2. ವ್ಯಾಯಾಮ ಪರೀಕ್ಷೆ: ಟ್ರೆಡ್‌ಮಿಲ್ ಮೇಲೆ ನಡೆಸುವಾಗ ಹೃದಯದ ವೇಗ ಏರಿದಂತೆ ಇ.ಸಿ.ಜಿ.ಯಲ್ಲಿನ ದೋಷದ ಗುರುತು ಒಮ್ಮೆಲೇ ಸಂಪೂರ್ಣವಾಗಿ ಮಾಯವಾದರೆ ಆ ಮಾರ್ಗವು ಅತಿವೇಗವನ್ನು ಸಾಗಿಸಲಾರದು ಎಂದು ಭಾವಿಸಲಾಗುತ್ತದೆ. ಇದು ಕಡಿಮೆ ಅಪಾಯದ ಸೂಚನೆ.

3. ಹೃದಯದೊಳಗಿನ ವಿದ್ಯುತ್ ಪರೀಕ್ಷೆ: ಮೇಲಿನ ಪರೀಕ್ಷೆಯಿಂದ ಸ್ಪಷ್ಟತೆ ದೊರೆಯದಿದ್ದಲ್ಲಿ ಕ್ಯಾಥೆಟರ್ ಮೂಲಕ ಮಾರ್ಗದ ವೇಗವನ್ನು ಅಳೆಯಲಾಗುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಸ್ಥಿತಿಯಲ್ಲಿ ಈ ಮಾರ್ಗದ ಮೂಲಕ ಬರುವ ಎರಡು ಬಡಿತಗಳ ನಡುವಿನ ಅತಿ ಕಡಿಮೆ ಅಂತರವು 250 ಮಿಲಿಸೆಕೆಂಡು, ಅಂದರೆ ಕಾಲು ಸೆಕೆಂಡು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ಅಪಾಯವೆಂದು ಪರಿಗಣಿಸಲಾಗುತ್ತದೆ. ಒಂದಕ್ಕಿಂತ ಹೆಚ್ಚು ಮಾರ್ಗಗಳಿರುವುದೂ ಅಪಾಯದ ಲಕ್ಷಣವೇ.

4. ಮಾರ್ಗವಿರುವ ಸ್ಥಳ: ಮಾರ್ಗವು ಎ.ವಿ. ನೋಡ್‌ನ ಸಮೀಪವಿದ್ದರೆ ಚಿಕಿತ್ಸೆಯ ವೇಳೆ ಸಹಜ ಮಾರ್ಗಕ್ಕೇ ಹಾನಿಯಾಗಿ ಜೀವನಪರ್ಯಂತ ಪೇಸ್‌ಮೇಕರ್ ಅಗತ್ಯವಾಗಬಹುದು. ಎಡಭಾಗದಲ್ಲಿದ್ದರೆ ಪಾರ್ಶ್ವವಾಯುವಿನ ಸಣ್ಣ ಅಪಾಯವಿರುತ್ತದೆ. ಹೃದಯದ ಹೊರಪೊರೆಯೊಳಗೆ ರಕ್ತ ತುಂಬಿಕೊಳ್ಳುವ ಸಾಧ್ಯತೆಯೂ ವಿರಳವಾಗಿ ಉಂಟು.

5. ವಯಸ್ಸು ಮತ್ತು ವೃತ್ತಿ: ಅತಿ ಚಿಕ್ಕ ಮಕ್ಕಳಲ್ಲಿ ಚಿಕಿತ್ಸೆಯ ತೊಡಕುಗಳು ಹೆಚ್ಚಾದ್ದರಿಂದ ಸಾಧ್ಯವಿದ್ದಲ್ಲಿ ಅವರು ಬೆಳೆಯುವವರೆಗೆ ಕಾಯಲಾಗುತ್ತದೆ. ವಿಮಾನ ಚಾಲಕರಂತಹ, ಇತರರ ಪ್ರಾಣದ ಹೊಣೆ ಹೊತ್ತ ವೃತ್ತಿಯವರಿಗೆ ಹಾಗೂ ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆ ಚಿಕಿತ್ಸೆಯ ಕಡೆಗೆ ಒಲವು ಹೆಚ್ಚು.

ಈ ಅಳತೆಗಳಿಗೂ ಮಿತಿಯಿದೆ. 2018ರಲ್ಲಿ ಪ್ರಕಟವಾದ ಎಳೆಯ ವಯಸ್ಸಿನ 912 ಮಂದಿಯ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಪ್ರಾಣಾಪಾಯದ ಘಟನೆ ಎದುರಿಸಿದ್ದ 96 ಮಂದಿಯ ಪೈಕಿ ಪರೀಕ್ಷೆಗೆ ಒಳಗಾದ ಎಲ್ಲರಲ್ಲೂ ಹೆಚ್ಚಿನ ಅಪಾಯದ ಗುರುತು ಕಂಡುಬಂದಿರಲಿಲ್ಲ. ಆದ್ದರಿಂದ ‘ಕಡಿಮೆ ಅಪಾಯ’ ಎಂಬುದನ್ನು ‘ಅಪಾಯವೇ ಇಲ್ಲ’ ಎಂದು ಅರ್ಥೈಸಬಾರದು.

ಮಾರ್ಗಸೂಚಿಗಳು ಏನು ಹೇಳುತ್ತವೆ?

ಬಹುತೇಕ ಅದೇ ಆಧಾರಗಳನ್ನು ಪರಿಶೀಲಿಸಿದ ತಜ್ಞ ಸಮಿತಿಗಳು ಭಿನ್ನ ಒತ್ತಿನ ಸಲಹೆಗಳನ್ನು ನೀಡಿವೆ. ಅಮೆರಿಕದ 2015ರ ಮಾರ್ಗಸೂಚಿಯು ಹೆಚ್ಚಿನ ಅಪಾಯವಿರುವವರಿಗೆ ಅಬ್ಲೇಷನ್ ಸಮಂಜಸವೆಂದು ಹೇಳುವುದರ ಜೊತೆಗೆ, ಲಕ್ಷಣಗಳಿಲ್ಲದವರನ್ನು ಚಿಕಿತ್ಸೆಯಿಲ್ಲದೆ ಗಮನಿಸುತ್ತಿರುವುದೂ ಸಮಂಜಸವೆಂದು ತಿಳಿಸುತ್ತದೆ. ಯುರೋಪಿನ 2019ರ ಮಾರ್ಗಸೂಚಿಯು ಹೆಚ್ಚಿನ ಅಪಾಯ ಪತ್ತೆಯಾದವರಿಗೆ ಅಬ್ಲೇಷನ್ ಅನ್ನು ಪ್ರಬಲವಾಗಿ ಶಿಫಾರಸು ಮಾಡುತ್ತದೆ. ಆದುದರಿಂದ ಇಬ್ಬರು ಅನುಭವಿ ತಜ್ಞರು ಭಿನ್ನ ಸಲಹೆ ನೀಡಿದಲ್ಲಿ ಅವರಲ್ಲೊಬ್ಬರು ತಪ್ಪು ಹೇಳುತ್ತಿದ್ದಾರೆಂದು ತಿಳಿಯಬೇಕಾಗಿಲ್ಲ. ಒಂದು ಕಡೆ ಚಿಕಿತ್ಸೆಯ ದಿನವೇ ಎದುರಾಗಬಹುದಾದ ಸಣ್ಣ ಅಪಾಯವಿದೆ. ಇನ್ನೊಂದು ಕಡೆ ಹಲವು ವರ್ಷಗಳ ಕಾಲ ಹರಡಿಕೊಂಡಿರುವ ಸಣ್ಣ ಅಪಾಯವಿದೆ. ಇವೆರಡರಲ್ಲಿ ಯಾವುದನ್ನು ಒಪ್ಪಿಕೊಳ್ಳಬೇಕೆಂಬ ತೀರ್ಮಾನದಲ್ಲಿ ರೋಗಿಯ ಇಚ್ಛೆಗೂ ಸ್ಥಾನವಿದೆ.

ತಜ್ಞರನ್ನು ಕೇಳಬೇಕಾದ ಪ್ರಶ್ನೆಗಳು

• ಪರೀಕ್ಷೆಗಳ ಪ್ರಕಾರ ಅಪಾಯವು ಹೆಚ್ಚೋ, ಕಡಿಮೆಯೋ? ಯಾವ ಆಧಾರದ ಮೇಲೆ?
• ಹೆಚ್ಚುವರಿ ಮಾರ್ಗವು ಯಾವ ಸ್ಥಳದಲ್ಲಿರುವ ಸಂಭವವಿದೆ? ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ಎಷ್ಟು?
• ಈ ಆಸ್ಪತ್ರೆಯಲ್ಲಿ ಇಂತಹ ಎಷ್ಟು ಚಿಕಿತ್ಸೆಗಳು ನಡೆದಿವೆ? ತೊಡಕುಗಳು ಎಷ್ಟು?
• ವಿದ್ಯುತ್ ಪರೀಕ್ಷೆಯ ವೇಳೆ ಅಪಾಯ ಕಡಿಮೆಯೆಂದು ಅಥವಾ ಮಾರ್ಗವು ನೋಡ್‌ಗೆ ತೀರಾ ಸಮೀಪವಿದೆಯೆಂದು ಕಂಡುಬಂದರೆ ಅಲ್ಲಿಗೇ ನಿಲ್ಲಿಸಲಾಗುವುದೇ?

ಕೊನೆಯ ಪ್ರಶ್ನೆಯು ಬಹು ಮುಖ್ಯವಾದುದು. ಪರೀಕ್ಷೆ ಮತ್ತು ಚಿಕಿತ್ಸೆ ಒಂದೇ ಬಾರಿಗೆ ನಡೆಯುವುದು ವಾಡಿಕೆಯಾದ್ದರಿಂದ, ಯಾವ ಸ್ಥಿತಿಯಲ್ಲಿ ಮುಂದುವರಿಯಬೇಕು, ಯಾವ ಸ್ಥಿತಿಯಲ್ಲಿ ನಿಲ್ಲಿಸಬೇಕು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನವೇ ಚರ್ಚಿಸತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

• ಈ ದೋಷವಿರುವವರು ತಮ್ಮ ಇ.ಸಿ.ಜಿ. ಪ್ರತಿಯನ್ನು ಜೋಪಾನವಾಗಿಟ್ಟುಕೊಂಡು ಯಾವುದೇ ಚಿಕಿತ್ಸೆಗೆ ಹೋದಾಗ ವೈದ್ಯರಿಗೆ ತೋರಿಸಬೇಕು. ಏಟ್ರಿಯಲ್ ಫಿಬ್ರಿಲೇಷನ್ ಉಂಟಾದಾಗ ವೆರಪಮಿಲ್, ಡಿಗಾಕ್ಸಿನ್ ಮುಂತಾದ ಔಷಧಗಳು ಇಂತಹವರಿಗೆ ಅಪಾಯಕಾರಿಯಾಗಬಲ್ಲವು.
• ಎದೆ ವೇಗವಾಗಿ ಹೊಡೆದುಕೊಳ್ಳುವುದು, ಪ್ರಜ್ಞೆ ತಪ್ಪುವುದು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ತೆರಳಬೇಕು. ಅಲ್ಲಿಂದ ಮುಂದೆ ಅಂತಹವರನ್ನು ‘ಲಕ್ಷಣಗಳಿಲ್ಲದವರು’ ಎಂದು ಪರಿಗಣಿಸಲಾಗುವುದಿಲ್ಲ.
• ಚಿಕಿತ್ಸೆ ಬೇಡವೆಂದು ನಿರ್ಧರಿಸಿದವರೂ ತಜ್ಞರು ಸೂಚಿಸಿದ ಅವಧಿಗೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಕಾದು ನೋಡುವುದು ಎಂದರೆ ಮರೆತುಬಿಡುವುದು ಎಂದಲ್ಲ.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಬಗ್ಗೆ ಹೃದ್ರೋಗ ತಜ್ಞರ ಸಲಹೆ ಪಡೆಯತಕ್ಕದ್ದು.